ಯಂತ್ರವು ನುಡಿಯಬೇಕಾದ ಸಾಕ್ಷ್ಯ

ಪಡಿತರದ ಅಕ್ಕಿಗೆ ಬಂದು ನಿಂತವನಿಗೂ, ಪಹಣಿಯ ಪ್ರತಿಯನ್ನು ಬೇಡಿ ಬಂದ ರೈತನಿಗೂ, ಆಸ್ಪತ್ರೆಯ ಚೀಟಿಗಾಗಿ ಸರದಿಯಲ್ಲಿ ಕಾದ ತಾಯಿಗೂ ಇಂದು ನಮ್ಮ ನಾಡಿನಲ್ಲಿ ಒಂದು ಮಾತು ಸುಪರಿಚಿತವಾಗಿದೆ: ‘ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ.’ ಈ ಮಾತನ್ನು ಹೇಳುವ ಗುಮಾಸ್ತನಲ್ಲಿ ದೋಷವನ್ನೆಣಿಸುವುದು ನ್ಯಾಯವಲ್ಲ. ಅವನಿಗೆ ತಿಳಿದಿರುವುದೂ ಅಷ್ಟೇ. ಆದರೆ ಆ ಯಂತ್ರವು ಏಕೆ ನಿಂತಿತು, ನಿಲ್ಲುವ ಮುನ್ನ ಅದರೊಳಗೆ ಏನೇನು ನಡೆಯಿತು, ಅದೇ ಕಾರಣವು ಮುಂದಿನ ವಾರ ಮರಳಿ ಬಾರದೆಂಬುದಕ್ಕೆ ಭರವಸೆಯೇನು ಎಂಬ ಪ್ರಶ್ನೆಗಳನ್ನು, ಆ ಗುಮಾಸ್ತನ ಮೇಲಿನವರನ್ನೂ ಅವರಿಗೆ ಮೇಲಿನವರನ್ನೂ ಕೇಳುತ್ತ ಹೋದರೂ, ನೇರವಾದ ಉತ್ತರವು ದೊರೆಯುವುದು ಅಪೂರ್ವ. ಯಂತ್ರವನ್ನು ಆಫ್ ಮಾಡಿ ಆನ್ ಮಾಡುತ್ತಾರೆ. ಕೆಲಸವು ಮತ್ತೆ ಸಾಗುತ್ತದೆ. ನಿಂತುದಕ್ಕೆ ಏನು ಕಾರಣವಿದ್ದಿತೋ ಅದು ಮಾತ್ರ ಆ ಕ್ಷಣದೊಡನೆ ನಶಿಸಿಹೋಗುತ್ತದೆ.

ಕಂಪ್ಯೂಟರಿನ ಯಂತ್ರಾಂಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ಮಧ್ಯದಲ್ಲಿ ನಿಂತು, ಯಾವ ಕಾರ್ಯಕ್ಕೆ ಪ್ರೊಸೆಸರಿನ ಎಷ್ಟು ಕಾಲವು ಸಲ್ಲಬೇಕು, ಯಾವುದಕ್ಕೆ ಎಷ್ಟು ಮೆಮೊರಿಯನ್ನು ಕೊಡಬೇಕು, ಡಿಸ್ಕಿನಿಂದ ಯಾವುದನ್ನು ಯಾವಾಗ ಓದಬೇಕು, ಜಾಲದಿಂದ ಬಂದ ಸಂದೇಶವನ್ನು ಯಾರಿಗೆ ಒಪ್ಪಿಸಬೇಕು ಎಂಬುದೆಲ್ಲವನ್ನೂ ನಿರ್ಣಯಿಸತಕ್ಕ ಆಪರೇಟಿಂಗ್ ಸಿಸ್ಟಂನ ಒಳಭಾಗಕ್ಕೆ ಕರ್ನಲ್ ಎಂದು ಹೆಸರು. ಮೇಲಿನ ತಂತ್ರಾಂಶಗಳು ಯಾವುವೇ ಇರಲಿ, ಅವು ಮಾಡುವ ಪ್ರತಿಯೊಂದು ಗಣ್ಯವಾದ ಕಾರ್ಯವೂ ಕರ್ನಲ್‌ನ ಕೈಯನ್ನು ಹಾಯ್ದೇ ಹೋಗಬೇಕು. ಆದುದರಿಂದ ಯಂತ್ರದೊಳಗೆ ನಡೆದುದರ ಸತ್ಯವನ್ನು ಬಲ್ಲ ಸಾಕ್ಷಿಗಳಲ್ಲಿ ಅದೇ ಶ್ರೇಷ್ಠವಾದುದು. ಅದು ತಾನಾಗಿ ಬರೆದಿಡುವ ಸಮಾಚಾರಕ್ಕೆ ಲಾಗ್ ಎಂದೂ, ನಾವು ಕೇಳಿದಾಗ ಕೇಳಿದ ಘಟನೆಗಳನ್ನು ಒಂದೊಂದಾಗಿ ಕಾಲಸಮೇತ ಗುರುತುಹಾಕಿ ಕೊಡುವ ವ್ಯವಸ್ಥೆಗೆ ಟ್ರೇಸಿಂಗ್ ಎಂದೂ ಬಲ್ಲವರು ಕರೆಯುತ್ತಾರೆ.

ಈ ಎರಡು ವ್ಯವಸ್ಥೆಗಳನ್ನು ತಂತ್ರಾಂಶವು ಸಿದ್ಧವಾಗುವ ತನಕ ಮಾತ್ರ ಬೇಕಾದ ಉಪಕರಣಗಳೆಂದೂ, ಯಂತ್ರವು ಜನಸೇವೆಗೆ ಇಳಿದ ಮೇಲೆ ಅವುಗಳನ್ನು ತೆಗೆದುಹಾಕುವುದೇ ಶುದ್ಧಿಯೆಂದೂ ಭಾವಿಸುವವರು ಇಂದಿಗೂ ಬಹಳ ಮಂದಿ ಇದ್ದಾರೆ. ಈ ಭಾವನೆಯು ತಪ್ಪು ಎಂಬುದೂ, ಜನರು ಆಶ್ರಯಿಸಿರುವ ಯಂತ್ರವು ಸೇವೆಯಲ್ಲಿರುವಾಗಲೇ ಸಾಕ್ಷ್ಯವನ್ನು ನುಡಿಯಲು ಸಮರ್ಥವಾಗಿರಬೇಕು ಎಂಬುದೂ, ಆ ಸಾಮರ್ಥ್ಯವನ್ನು ನಮ್ಮ ಸಾರ್ವಜನಿಕ ಸಂಸ್ಥೆಗಳು ಕೊಳ್ಳುವಾಗಲೇ ಕೇಳಿ ಪಡೆಯಬೇಕು ಎಂಬುದೂ ಈ ಲೇಖನದ ಪ್ರತಿಪಾದ್ಯ.

ಇದಕ್ಕೆ ಭೂಮಿಯಿಂದ ಬಹುದೂರದ ಒಂದು ದೃಷ್ಟಾಂತವುಂಟು. ಅಮೆರಿಕದ ನಾಸಾ ಸಂಸ್ಥೆಯು ಕಳುಹಿಸಿದ ಮಾರ್ಸ್ ಪಾಥ್‌ಫೈಂಡರ್ ನೌಕೆಯು 1997ರ ಜುಲೈ 4ರಂದು ಮಂಗಳಗ್ರಹದ ಮೇಲೆ ಇಳಿಯಿತು. ಇಳಿದ ಕೆಲವು ದಿನಗಳಲ್ಲಿಯೇ, ಗಾಳಿ ಮತ್ತು ಉಷ್ಣತೆಯ ಮಾಪನವನ್ನು ಆರಂಭಿಸಿದ ತರುವಾಯ, ಅದರ ಕಂಪ್ಯೂಟರು ಇದ್ದಕ್ಕಿದ್ದಂತೆ ತನ್ನನ್ನು ತಾನೇ ಪೂರ್ಣವಾಗಿ ಮರುಪ್ರಾರಂಭಿಸಿಕೊಳ್ಳತೊಡಗಿತು. ಪ್ರತಿಯೊಂದು ಸಾರಿಯೂ ಆ ದಿನಕ್ಕೆ ನಿಗದಿಯಾಗಿದ್ದ ಉಳಿದ ಕಾರ್ಯಗಳು ಮರುದಿನಕ್ಕೆ ಹೋಗುತ್ತಿದ್ದುವು. ಯಾರೂ ಹೋಗಿ ಮುಟ್ಟಲಾಗದ ಸ್ಥಳದಲ್ಲಿ, ಯಾರೂ ಕಣ್ಣಾರೆ ಕಾಣದ ಒಂದು ದೋಷವು ನಡೆದಿತ್ತು.

ಆ ನೌಕೆಯಲ್ಲಿ ವಿಎಕ್ಸ್‌ವರ್ಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇದ್ದಿತು. ಅದರೊಳಗೆ ಕಾರ್ಯಗಳಿಗೆ ಮೇಲುಕೀಳೆಂಬ ಆದ್ಯತೆಗಳಿದ್ದುವು. ನೌಕೆಯ ಅಂಗಗಳ ನಡುವೆ ಮಾಹಿತಿಯನ್ನು ಹಂಚುವ ಕಾರ್ಯವು ಉನ್ನತ ಆದ್ಯತೆಯದು. ಹವೆಯ ಮಾಪನವನ್ನು ಸಂಗ್ರಹಿಸುವ ಕಾರ್ಯವು ಕಡಿಮೆ ಆದ್ಯತೆಯದು. ಒಮ್ಮೆಗೆ ಒಂದೇ ಕಾರ್ಯವು ಹಿಡಿಯಬಲ್ಲ ಬೀಗವೊಂದನ್ನು ಇವೆರಡೂ ಹಂಚಿಕೊಂಡು ಬಳಸುತ್ತಿದ್ದುವು. ಕೆಳಗಿನ ಕಾರ್ಯವು ಬೀಗವನ್ನು ಹಿಡಿದಿದ್ದಾಗ, ಅದಕ್ಕಿಂತ ತುಸು ಮೇಲಿನದಾದ, ಬೀಗಕ್ಕೆ ಸಂಬಂಧವೇ ಇಲ್ಲದ ಮಧ್ಯಮ ಆದ್ಯತೆಯ ಕಾರ್ಯಗಳು ನಡುವೆ ಬಂದು ಪ್ರೊಸೆಸರನ್ನು ವಶಪಡಿಸಿಕೊಂಡರೆ, ಕೆಳಗಿನದು ಮುಂದುವರಿದು ಬೀಗವನ್ನು ಬಿಡುವಂತಿಲ್ಲ. ಅದು ಬಿಡದ ಹೊರತು ಎಲ್ಲಕ್ಕಿಂತ ಮೇಲಿನದು ಚಲಿಸುವಂತಿಲ್ಲ. ಸೆಕೆಂಡಿನ ಪ್ರತಿ ಎಂಟನೆಯ ಒಂದು ಭಾಗದಲ್ಲಿ ಮುಗಿಯಬೇಕಾಗಿದ್ದ ಕೆಲಸವು ಮುಗಿಯದೆ ಇರುವುದನ್ನು ಕಂಡು, ಕಾವಲಿನ ಕಾರ್ಯವೊಂದು ಇಡೀ ಯಂತ್ರವನ್ನೇ ಮರುಪ್ರಾರಂಭಿಸುತ್ತಿತ್ತು.

ಇಂಥ ತೊಡಕಿಗೆ ಪರಿಹಾರವು ಅಜ್ಞಾತವಾಗಿರಲಿಲ್ಲ. ಬೀಗವನ್ನು ಹಿಡಿದಿರುವ ಕೆಳಗಿನ ಕಾರ್ಯಕ್ಕೆ, ಅದಕ್ಕಾಗಿ ಕಾದಿರುವ ಮೇಲಿನ ಕಾರ್ಯದ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡಬೇಕೆಂಬ ಸಿದ್ಧಾಂತವನ್ನು ಲೂಯಿ ಶಾ, ರಾಜ್‌ಕುಮಾರ್, ಲೆಹೋಸ್ಕಿ ಎಂಬ ಮೂವರು ವಿದ್ವಾಂಸರು 1990ರಲ್ಲಿಯೇ ಪ್ರಕಟಿಸಿದ್ದರು. ವಿಎಕ್ಸ್‌ವರ್ಕ್ಸ್‌ನಲ್ಲಿ ಅದಕ್ಕೆ ಏರ್ಪಾಡೂ ಇದ್ದಿತು. ಆದರೆ ಸಾವಿರಾರು ಸಾಧ್ಯತೆಗಳ ನಡುವೆ ಇದೇ ಬೀಗ, ಇದೇ ಕಾರ್ಯ, ಇದೇ ಕ್ಷಣ ಎಂದು ಬೆರಳಿಟ್ಟು ತೋರಿಸಬಲ್ಲವರಾರು? ಅದನ್ನು ತೋರಿಸಿದ್ದು ಕರ್ನಲ್‌ನ ದಾಖಲೆ. ಪಾಥ್‌ಫೈಂಡರ್‌ನ ತಂತ್ರಾಂಶವನ್ನು ನಿರ್ಮಿಸಿದವರು ಘಟನೆಗಳನ್ನು ಗುರುತುಹಾಕುವ ವ್ಯವಸ್ಥೆಯನ್ನು ಪ್ರಯೋಗಾಲಯದ ತರುವಾಯ ಕಿತ್ತುಹಾಕಿರಲಿಲ್ಲ. ಪರೀಕ್ಷಿಸಿದುದನ್ನೇ ಹಾರಿಸಬೇಕು, ಹಾರಿಸುವುದನ್ನೇ ಪರೀಕ್ಷಿಸಬೇಕು ಎಂಬುದು ಅವರು ನಿಷ್ಠೆಯಿಂದ ಪಾಲಿಸಿದ ನಿಯಮವಾಗಿದ್ದುದರಿಂದ, ಆ ವ್ಯವಸ್ಥೆಯು ನೌಕೆಯ ತಂತ್ರಾಂಶದಲ್ಲಿ ಉದ್ದೇಶಪೂರ್ವಕವಾಗಿ ಉಳಿದಿತ್ತು. ಅದು ಬರೆದುದೆಲ್ಲವನ್ನೂ ಮಂಗಳದಿಂದ ಭೂಮಿಗೆ ಕಳುಹಿಸುವಷ್ಟು ಅವಕಾಶವಿರಲಿಲ್ಲ ನಿಜ; ಆದರೆ ಅದೇ ತಂತ್ರಾಂಶವನ್ನು ಭೂಮಿಯ ಮೇಲಿನ ಪ್ರತಿರೂಪದಲ್ಲಿ ಅದೇ ಕಾರ್ಯಕ್ರಮದೊಡನೆ ಮತ್ತೆ ಮತ್ತೆ ನಡೆಸಿದಾಗ, ಒಂದು ದಿನವು ತುಂಬುವ ಮುನ್ನವೇ ದೋಷವು ಮರುಕಳಿಸಿತು, ದಾಖಲೆಯು ಕೈಗೆ ಬಂದಿತು, ಕಾರಣವು ಹಗಲಿನಂತೆ ಸ್ಪಷ್ಟವಾಯಿತು. ಸಣ್ಣದೊಂದು ತಿದ್ದುಪಡಿಯನ್ನು ಆಕಾಶಮಾರ್ಗವಾಗಿ ಕಳುಹಿಸಿ, ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ಆ ಏರ್ಪಾಡನ್ನು ಚಾಲನೆಗೊಳಿಸಿದ ಮೇಲೆ ನೌಕೆಯು ಸ್ವಸ್ಥವಾಯಿತು.

ಈ ವೃತ್ತಾಂತದಲ್ಲಿ ನಾವು ಮನನಮಾಡಬೇಕಾದ ಮತ್ತೊಂದು ಅಂಶವಿದೆ. ಇದೇ ದೋಷವು ನೌಕೆಯು ಮಂಗಳದ ಮೇಲೆ ಇಳಿಯುವ ಮುನ್ನ ಪರೀಕ್ಷೆಯ ಕಾಲದಲ್ಲಿಯೂ ತಲೆದೋರಿದ್ದಿತು. ಆದರೆ ಹುಡುಕಹೊರಟಾಗ ಮರಳಿ ಬರಲಿಲ್ಲ. ವಿರಳವಾಗಿ ಬಂದುಹೋಗುವ ದೋಷಗಳ ಸ್ವಭಾವವೇ ಅಂಥದು. ನಾವು ಸಿದ್ಧರಾಗಿ ಕುಳಿತಾಗ ಅವು ಬಾರವು; ಜನರು ಸಾಲಾಗಿ ನಿಂತಿರುವಾಗ, ಹೊರೆಯು ಮಿತಿಮೀರಿದಾಗ, ಎರಡು ಘಟನೆಗಳು ಕೂದಲೆಳೆಯ ಅಂತರದಲ್ಲಿ ಸಂಧಿಸಿದಾಗ ಅವು ಬಂದು ಕ್ಷಣಮಾತ್ರದಲ್ಲಿ ಅಡಗುತ್ತವೆ. ಅವು ಬಂದ ಕ್ಷಣದಲ್ಲಿ ಲೇಖನಿಯು ಯಂತ್ರದ ಕೈಯಲ್ಲಿಯೇ ಇರಬೇಕಲ್ಲದೆ, ಅನಂತರ ತಂದುಕೊಟ್ಟು ಫಲವಿಲ್ಲ.

ಇನ್ನು ಇಂದಿನ ಲೋಕದ ಬಹುಪಾಲು ಸರ್ವರ್‌ಗಳಿಗೂ ಆಂಡ್ರಾಯ್ಡ್ ಫೋನುಗಳಿಗೂ ಆಧಾರವಾಗಿರುವ ಲಿನಕ್ಸ್ ಕರ್ನಲ್‌ನ ಕಡೆಗೆ ಬರೋಣ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ಕರ್ನಲ್‌ನಲ್ಲಿ ಪ್ರಿಂಟ್‌ಕೆ ಎಂಬ ಒಂದು ಪುಟ್ಟ ಕ್ರಿಯಾಭಾಗ (ಫಂಕ್ಷನ್) ಇದೆ. ಕರ್ನಲ್‌ನ ಯಾವ ಮೂಲೆಯಿಂದಾದರೂ, ಎಂಥ ಸಂಕಟದ ಸ್ಥಿತಿಯಲ್ಲಿಯಾದರೂ ಒಂದು ಸಾಲು ಸಮಾಚಾರವನ್ನು ಬರೆದಿಡುವುದು ಅದರ ಕೆಲಸ. ಯಂತ್ರವು ಇನ್ನು ಉಳಿಯದೆಂಬ ವಿಪತ್ತಿನ ವಾರ್ತೆಯಿಂದ ಹಿಡಿದು ತಜ್ಞರಿಗೆ ಮಾತ್ರ ಬೇಕಾದ ಸೂಕ್ಷ್ಮ ವಿವರದವರೆಗೆ ಸಮಾಚಾರಗಳಿಗೆ ಎಂಟು ಅಂತಸ್ತುಗಳಿವೆ. ಇವು ರಿಂಗ್ ಬಫರ್ ಎಂಬ ಮೆಮೊರಿಯ ಭಾಗದಲ್ಲಿ ಶೇಖರವಾಗುತ್ತವೆ. ಹಿಂದೆ ನಮ್ಮ ವರ್ತಕರೂ ಶಾನುಭೋಗರೂ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದು, ಹಾಳೆಗಳು ಮುಗಿದಾಗ ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸ ಲೆಕ್ಕವನ್ನು ಬರೆಯುತ್ತಿದ್ದಂತೆ, ಈ ಬಫರು ತುಂಬಿದೊಡನೆ ಅತಿ ಹಳೆಯ ಸಮಾಚಾರವು ಅಳಿದು ಅತಿ ಹೊಸದು ಅದರ ಸ್ಥಾನವನ್ನು ಪಡೆಯುತ್ತದೆ. ಲಿನಕ್ಸಿನ ಮೂಲ ಸಂರಚನೆಯಲ್ಲಿ ಇದರ ಅಳತೆಯು 128 ಕಿಲೋಬೈಟ್ ಮಾತ್ರ. ಇಷ್ಟು ಕಿರಿದಾದ ಸ್ಥಳದಲ್ಲಿ, ಎಷ್ಟು ಕಾಲ ನಡೆದರೂ ಮೆಮೊರಿಯನ್ನು ನುಂಗಿಹಾಕದೆ, ಮುಗ್ಗರಿಸುವ ಮುನ್ನಿನ ಹೆಜ್ಜೆಗಳನ್ನು ಉಳಿಸಿಕೊಡುವ ಈ ಉಪಾಯವು ಸರಳವಾದುದರಿಂದಲೇ ಉದಾತ್ತವಾದುದು.

ಆದರೆ ಲಾಗ್ ಒಂದಕ್ಕೆ ಸ್ವಭಾವಸಿದ್ಧವಾದ ಮಿತಿಯೊಂದುಂಟು. ಬರೆದವನು ಮುಂಚೆಯೇ ಊಹಿಸಿದ ಘಟನೆಯನ್ನು ಅದು ಹೇಳಬಲ್ಲುದು; ಊಹಿಸದೆ ಇದ್ದುದನ್ನು ಹೇಳಲಾರದು. ದೊಡ್ಡ ದೋಷಗಳಾದರೋ ಹೆಚ್ಚಾಗಿ ಯಾರೂ ಊಹಿಸದೆ ಇದ್ದುವೇ ಆಗಿರುತ್ತವೆ. ಈ ಕೊರತೆಯನ್ನು ನೀಗಿಸುವುದಕ್ಕಾಗಿ, ಓಡುತ್ತಿರುವ ಕರ್ನಲ್‌ಗೆ ಹೊಸದಾಗಿ ಪ್ರಶ್ನೆಯನ್ನು ಒಡ್ಡುವ ವಿದ್ಯೆಯು ಬೆಳೆಯಿತು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಬ್ರಯನ್ ಕ್ಯಾಂಟ್ರಿಲ್, ಮೈಕ್ ಶಪೀರೊ, ಆಡಂ ಲೆವೆಂಥಾಲ್ ಎಂಬ ಮೂವರು ನಿರ್ಮಿಸಿ 2005ರಲ್ಲಿ ಸೋಲಾರಿಸ್ 10ರೊಡನೆ ಬಳಕೆಗೆ ಬಂದ ಡಿಟ್ರೇಸ್ ಈ ವಿದ್ಯೆಗೆ ಶಾಸ್ತ್ರೀಯ ರೂಪವನ್ನು ಕೊಟ್ಟಿತು. ಮಲಗಿರುವಾಗ ವೆಚ್ಚವಿರಕೂಡದು, ಎಚ್ಚೆತ್ತಿರುವಾಗ ಅಪಾಯವಿರಕೂಡದು ಎಂಬ ಎರಡು ವ್ರತಗಳನ್ನು ಅವರು ಕೈಗೊಂಡರು. ಪ್ರಯೋಗಾಲಯಕ್ಕೆಂದಲ್ಲದೆ, ಜನರು ಬಳಸುತ್ತಿರುವ ಯಂತ್ರಕ್ಕೆಂದೇ ಅದನ್ನು ರಚಿಸಿದರು. ಬಹುಜನರು ಏಕಕಾಲದಲ್ಲಿ ಬಳಸುತ್ತಿದ್ದ ಸರ್ವರ್ ಒಂದು ಮಂದವಾದಾಗ, ಎಲ್ಲರೂ ದೊಡ್ಡ ತಂತ್ರಾಂಶಗಳನ್ನು ಸಂದೇಹಿಸುವಂಥ ಸಂದರ್ಭದಲ್ಲಿ, ಪರದೆಯ ಮೂಲೆಯಲ್ಲಿ ಷೇರುಗಳ ಬೆಲೆಯನ್ನು ತೋರಿಸುವ ಒಂದು ಕಿರುತಂತ್ರಾಂಶವೇ ಪ್ರೊಸೆಸರುಗಳನ್ನು ಅನವಶ್ಯಕವಾಗಿ ಪೀಡಿಸುತ್ತಿದೆಯೆಂದು ಡಿಟ್ರೇಸ್ ಪತ್ತೆಹಚ್ಚಿತೆಂಬುದನ್ನು ಅದರ ಕರ್ತೃಗಳೇ ದಾಖಲಿಸಿದ್ದಾರೆ. ಅಂಥ ಕಾರಣವನ್ನು ಊಹೆಯಿಂದ ತಲಪಲು ಯಾವ ಪಂಡಿತನಿಗೂ ಸಾಧ್ಯವಾಗದು.

ಲಿನಕ್ಸ್‌ನಲ್ಲಿ ಇದೇ ದಿಕ್ಕಿನ ಆದ್ಯ ಪ್ರಯತ್ನಗಳಲ್ಲೊಂದು ನಮ್ಮ ದೇಶದಲ್ಲಿ ನಡೆಯಿತೆಂಬುದು ನಾವು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಓಡುತ್ತಿರುವ ಕರ್ನಲ್‌ನ ಬಹುಮಟ್ಟಿಗೆ ಯಾವುದೇ ಆದೇಶದ ಸ್ಥಾನದಲ್ಲಿ ಕ್ಷಣಕಾಲ ತಡೆದು, ಅಲ್ಲಿನ ಸ್ಥಿತಿಯನ್ನು ಗುರುತುಹಾಕಿಕೊಂಡು, ಮತ್ತೆ ಅದರ ದಾರಿಗೆ ಅದನ್ನು ಬಿಡುವ ಕೆಪ್ರೋಬ್ಸ್ ಎಂಬ ವ್ಯವಸ್ಥೆಯ ಪ್ರಥಮ ರೂಪವನ್ನು 2002ರ ಅಕ್ಟೋಬರಿನಲ್ಲಿ ರಚಿಸಿದವರು ಐಬಿಎಂ ಸಂಸ್ಥೆಯ ಭಾರತೀಯ ಶಾಖೆಯ ಎಂಜಿನಿಯರುಗಳು. ಅದು 2004ರಲ್ಲಿ ಲಿನಕ್ಸ್‌ನ 2.6.9ನೆಯ ಆವೃತ್ತಿಯಲ್ಲಿ ಸೇರಿತು. ಅದರಲ್ಲಿ ಕ್ರಿಯಾಭಾಗಗಳಿಗೆ ಒಪ್ಪಿಸಿದ ಮೌಲ್ಯಗಳನ್ನು ನೋಡುವ ಮಾರ್ಗವನ್ನು ಸೇರಿಸಿದವರು ಬೆಂಗಳೂರಿನ ಐಬಿಎಂ ಕೇಂದ್ರದಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯ. ಈ ಎಂಜಿನಿಯರುಗಳ ಹೆಸರುಗಳು ಇಂದಿಗೂ ಕರ್ನಲ್‌ನಲ್ಲಿ ಕೆಪ್ರೋಬ್ಸ್‌ನ ಮೂಲಬರಹವಿರುವ ಕಡತದ ಮೊದಲ ಸಾಲುಗಳಲ್ಲಿವೆ. ತರುವಾಯ 2008ರಲ್ಲಿ ಸ್ಟೀವನ್ ರೋಸ್ಟೆಡ್ಟ್ ಅವರ ಎಫ್‌ಟ್ರೇಸ್ ಬಂದಿತು: ಕರ್ನಲ್‌ನ ಸಹಸ್ರಾರು ಕ್ರಿಯಾಭಾಗಗಳ ಆರಂಭದಲ್ಲಿ ಏನನ್ನೂ ಮಾಡದ ಒಂದು ಆದೇಶವನ್ನಿಟ್ಟು, ಬೇಕಾದಾಗ ಮಾತ್ರ ಅದನ್ನು ದಾಖಲೆಯ ಕರೆಯನ್ನಾಗಿ ಮಾರ್ಪಡಿಸುವ ವಿಧಾನ ಅದು. 2014ರ ಕೊನೆಯಲ್ಲಿ ಬಂದ ಇಬಿಪಿಎಫ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲೆಕ್ಸೀ ಸ್ಟಾರೊವೊಯ್ತೊವ್ ಮೊದಲುಗೊಂಡು ಅನೇಕರು ಬೆಳೆಸಿದ ಈ ಪದ್ಧತಿಯಲ್ಲಿ, ವೀಕ್ಷಣೆಗೆಂದು ಕರ್ನಲ್‌ನೊಳಕ್ಕೆ ಕಳುಹಿಸುವ ಪ್ರತಿಯೊಂದು ಕಿರುಪ್ರೋಗ್ರಾಂ ಸಹ ಮುಗಿಯದೆ ಸುತ್ತುತ್ತಿರುವುದಿಲ್ಲವೆಂದೂ, ತನಗೆ ಸಲ್ಲದ ಮೆಮೊರಿಯನ್ನು ಮುಟ್ಟುವುದಿಲ್ಲವೆಂದೂ ಪ್ರವೇಶದ್ವಾರದಲ್ಲಿಯೇ ಪರೀಕ್ಷೆಗೊಳಗಾಗುತ್ತದೆ, ತೇರ್ಗಡೆಯಾಗದುದಕ್ಕೆ ಪ್ರವೇಶವಿಲ್ಲ.

ಇಷ್ಟೆಲ್ಲ ಸಾಧನಗಳಿದ್ದರೂ ಮೂರು ಆಕ್ಷೇಪಗಳನ್ನು ಪ್ರಾಜ್ಞರು ಎತ್ತುವುದುಂಟು. ಅವನ್ನು ಅಲಕ್ಷಿಸುವುದು ಸಲ್ಲದು.

ದಾಖಲೆಯ ಕೆಲಸವು ಮೂಲ ಕೆಲಸವನ್ನು ತಡಮಾಡುತ್ತದೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿದೆ. ಯಂತ್ರದ ಸೀರಿಯಲ್ ಮಾರ್ಗವಾಗಿ ಸೆಕೆಂಡಿಗೆ 115200 ಬಿಟ್‌ಗಳ ವೇಗದಲ್ಲಿ 80 ಅಕ್ಷರಗಳ ಒಂದು ಸಾಲನ್ನು ಹೊರಗೆ ಕಳುಹಿಸಲು ಸುಮಾರು 7 ಮಿಲಿಸೆಕೆಂಡ್ ಹಿಡಿಯುತ್ತದೆ. ಕಾರ್ಖಾನೆಯ ರೋಬಾಟನ್ನು ನಡೆಸುವ ಕಂಪ್ಯೂಟರಿಗೆ ಅದು ದೀರ್ಘಕಾಲ. ಕಾಲನಿಷ್ಠವಾದ ಕಾರ್ಯಗಳಿಗೆ ಲಿನಕ್ಸನ್ನು ಅಳವಡಿಸುವ ಯತ್ನವು ಇಪ್ಪತ್ತು ವರ್ಷಗಳ ಕಾಲ ನಡೆದು, ಕಟ್ಟಕಡೆಗೆ 2024ರ ನವೆಂಬರಿನಲ್ಲಿ ಹೊರಬಂದ 6.12ನೆಯ ಆವೃತ್ತಿಯಲ್ಲಿ ಕೈಗೂಡಿತು. ಆ ದಾರಿಯಲ್ಲಿ ಉಳಿದಿದ್ದ ಕೊನೆಯ ತಡೆಯು ಈ ಪ್ರಿಂಟ್‌ಕೆಯೇ ಆಗಿದ್ದಿತು. ಆದರೆ ಆ ಕಾರ್ಯದಲ್ಲಿ ತೊಡಗಿದ್ದವರು ಲಾಗನ್ನು ತೆಗೆದುಹಾಕುವ ಸುಲಭಮಾರ್ಗವನ್ನು ಹಿಡಿಯಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಸಮಾಚಾರವನ್ನು ಬರೆದಿಡುವುದನ್ನೂ ಅದನ್ನು ಹೊರಗೆ ತೋರಿಸುವುದನ್ನೂ ಬೇರ್ಪಡಿಸಿ, ತೋರಿಸುವ ಕೆಲಸವನ್ನು ಬೇರೆಯ ಕಾರ್ಯಕ್ಕೆ ವಹಿಸಿ, ಯಂತ್ರವು ಕುಸಿಯುವ ಸಂದರ್ಭದಲ್ಲಿ ಮಾತ್ರ ಎಲ್ಲವನ್ನೂ ಬದಿಗಿಟ್ಟು ಒಡನೆಯೇ ನುಡಿಯುವಂತೆ ಏರ್ಪಡಿಸಲು ಅವರು ವರ್ಷಗಟ್ಟಲೆ ಶ್ರಮಿಸಿದರು. ಯಂತ್ರದ ಅಂತಿಮ ವಾಕ್ಯವು ನಷ್ಟವಾಗಕೂಡದೆಂಬ ಒಂದು ನಿರ್ಬಂಧಕ್ಕಾಗಿ ಅವರು ಇಷ್ಟೊಂದು ಕಾಲವನ್ನು ತೆತ್ತುದು ಸಾರ್ಥಕವೆಂದೇ ನನ್ನ ಅಭಿಪ್ರಾಯ.

ಎರಡನೆಯ ಆಕ್ಷೇಪವು ಇದಕ್ಕಿಂತ ಗುರುತರವಾದುದು: ನೋಡುವ ಕಣ್ಣೇ ನೋಯಿಸುವ ಕೈಯಾಗಬಹುದು. 2008ರಲ್ಲಿ ಲಿನಕ್ಸ್ 2.6.27ನೆಯ ಆವೃತ್ತಿಯ ಪರೀಕ್ಷಾಕಾಲದಲ್ಲಿ ಇಂಟೆಲ್ ಸಂಸ್ಥೆಯ ಒಂದು ಬಗೆಯ ನೆಟ್‌ವರ್ಕ್ ಕಾರ್ಡುಗಳು ಕಾರಣವಿಲ್ಲದೆ ನಿಷ್ಕ್ರಿಯವಾಗತೊಡಗಿದುವು. ಕಾರ್ಡಿನ ಒಡಲಲ್ಲಿ ಶಾಶ್ವತವಾಗಿರಬೇಕಾದ ಬರಹವೇ ಕೆಡುತ್ತಿತ್ತು. ಆ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಎಲ್ಲರೂ ಶಂಕಿಸಿದರು; ಆದರೆ ಶೋಧಿಸಿ ನೋಡಿದಾಗ ದೋಷವು ಎಫ್‌ಟ್ರೇಸ್‌ನಲ್ಲಿದ್ದಿತು. ತಾನು ಹಿಂದೆ ಗುರುತಿಟ್ಟಿದ್ದ ಮೆಮೊರಿಯ ವಿಳಾಸವು ಬಿಡುಗಡೆಯಾಗಿ ಕಾರ್ಡಿನ ಶಾಶ್ವತ ಸಂಗ್ರಹಕ್ಕೆ ಹಂಚಿಕೆಯಾಗಿರುವುದನ್ನು ತಿಳಿಯದೆ, ಅದು ಅಲ್ಲಿ ಬರೆದುಬಿಡುತ್ತಿತ್ತು. 2.6.27ರ ಪ್ರಥಮ ತಿದ್ದುಪಡಿಯಲ್ಲಿಯೇ ಆ ಭಾಗವನ್ನು ನಿಲ್ಲಿಸಲಾಯಿತು. ಅನಂತರ ವಿಧಾನವನ್ನೇ ಸುರಕ್ಷಿತವಾಗಿ ಮಾರ್ಪಡಿಸಲಾಯಿತು.

ಇದಕ್ಕಿಂತ ಘೋರವಾದುದು 2024ರ ಜುಲೈ 19ರ ದುರ್ಘಟನೆ. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಫಾಲ್ಕನ್ ಎಂಬ ತಂತ್ರಾಂಶವು ವಿಂಡೋಸ್ ಯಂತ್ರಗಳ ಕರ್ನಲ್‌ನಲ್ಲಿ ನೆಲಸಿ, ಅಲ್ಲಿನ ಘಟನೆಗಳನ್ನು ವೀಕ್ಷಿಸುತ್ತ ದಾಳಿಗಳನ್ನು ಕಂಡುಹಿಡಿಯಲು ನಿಯುಕ್ತವಾದುದು. ಅಂದು ಅದಕ್ಕೆ ಕಳುಹಿಸಿದ ಹೊಸ ನಿಯಮಗಳ ಕಡತವು 21 ಮೌಲ್ಯಗಳನ್ನು ಅಪೇಕ್ಷಿಸುತ್ತಿತ್ತು. ಯಂತ್ರದಲ್ಲಿದ್ದ ಭಾಗವು 20ನ್ನು ಮಾತ್ರ ಒದಗಿಸುತ್ತಿತ್ತು. ಇಲ್ಲದ ಇಪ್ಪತ್ತೊಂದನೆಯದನ್ನು ಓದಹೋಗಿ ಕರ್ನಲ್ ಕುಸಿಯಿತು. ದೋಷಯುಕ್ತ ಕಡತವು ಹಂಚಿಕೆಯಲ್ಲಿದ್ದುದು 78 ನಿಮಿಷ. ಕೆಟ್ಟುನಿಂತ ಯಂತ್ರಗಳು, ಮೈಕ್ರೋಸಾಫ್ಟ್ ಮಾಡಿದ ಅಂದಾಜಿನಂತೆ, 85 ಲಕ್ಷ. ವಿಮಾನಗಳೂ ಬ್ಯಾಂಕುಗಳೂ ಆಸ್ಪತ್ರೆಗಳೂ ಅನೇಕ ದೇಶಗಳಲ್ಲಿ ತೊಂದರೆಗೀಡಾದುವು. ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಿಂದ ಬರೆದುಕೊಟ್ಟುದನ್ನು ಆ ದಿನಗಳ ಪತ್ರಿಕೆಗಳಲ್ಲಿ ಎಲ್ಲರೂ ಕಂಡರು.

ಈ ಎರಡು ಘಟನೆಗಳಿಂದ, ವೀಕ್ಷಣೆಯೇ ಬೇಡವೆಂಬ ತೀರ್ಮಾನಕ್ಕೆ ಬರುವುದು ಅವಿವೇಕ. ವೀಕ್ಷಕನೂ ಕರ್ನಲ್‌ನೊಳಗಿನ ಎಲ್ಲರಂತೆ ನಿಯಮಕ್ಕೆ ಅಧೀನನಾಗಿರಬೇಕು, ಅವನಿಗೆ ಕಾಣುವ ಅಧಿಕಾರವಿರಬೇಕಲ್ಲದೆ ಕೆಡಿಸುವ ಅಧಿಕಾರವಿರಕೂಡದು, ಅವನಿಗೆ ಕೊಡುವ ಹೊಸ ಆಜ್ಞೆಯು ಮೊದಲು ಕೆಲವೇ ಯಂತ್ರಗಳಲ್ಲಿ ಪರೀಕ್ಷಿತವಾಗಿ ಅನಂತರ ಎಲ್ಲೆಡೆಗೆ ಹೋಗಬೇಕು ಎಂಬುದು ಅವುಗಳಿಂದ ಸಿದ್ಧವಾಗುವ ತತ್ತ್ವ. ಎಫ್‌ಟ್ರೇಸ್‌ನ ದೋಷವು ಅದರ ಮೂಲಬರಹವು ಸರ್ವರಿಗೂ ತೆರೆದಿದ್ದುದರಿಂದ ಪತ್ತೆಯಾಗಿ ತಿದ್ದುಪಡಿಯಾಯಿತು. ಇಬಿಪಿಎಫ್‌ನ ದ್ವಾರಪರೀಕ್ಷೆಯು ಈ ತತ್ತ್ವವನ್ನೇ ಯಂತ್ರರೂಪಕ್ಕೆ ತಂದ ಪ್ರಯತ್ನ.

ದಾಖಲೆಯು ರಹಸ್ಯವನ್ನು ಬಯಲುಮಾಡಬಹುದೆಂಬುದು ಮೂರನೆಯ ಆಕ್ಷೇಪ. ಇದೂ ನಿಜ. ಕರ್ನಲ್ ತನ್ನ ಮೆಮೊರಿಯ ವಿಳಾಸಗಳನ್ನು ಲಾಗಿನಲ್ಲಿ ಇದ್ದಂತೆಯೇ ಬರೆಯುತ್ತಿದ್ದ ಕಾಲದಲ್ಲಿ ಅದು ಕಳ್ಳನಿಗೆ ಮನೆಯ ನಕ್ಷೆಯನ್ನು ಕೊಟ್ಟಂತಾಗುತ್ತಿತ್ತು. 2018ರ ಜನವರಿಯಲ್ಲಿ ಬಂದ 4.15ನೆಯ ಆವೃತ್ತಿಯಿಂದ ಆ ವಿಳಾಸಗಳನ್ನು ಗೂಢಗೊಳಿಸಿ ಬರೆಯಲಾಗುತ್ತಿದೆ, ಮತ್ತು ಲಾಗನ್ನು ಓದುವ ಅಧಿಕಾರವನ್ನು ಆಡಳಿತಗಾರನಿಗೆ ಮಾತ್ರ ಮೀಸಲಿಡುವ ಏರ್ಪಾಡೂ ಇದೆ. ಕರ್ನಲ್‌ನ ವಿಳಾಸಕ್ಕೆ ಸಲ್ಲುವ ಈ ಜಾಗರೂಕತೆಯು ಪ್ರಜೆಯ ವಿಳಾಸಕ್ಕೆ, ಅವನ ಆಧಾರ್ ಸಂಖ್ಯೆಗೆ, ಅವನ ರೋಗದ ವಿವರಕ್ಕೆ ನೂರ್ಮಡಿಯಾಗಿ ಸಲ್ಲಬೇಕು. ಯಂತ್ರದ ನಡೆಯನ್ನು ಬರೆಯಬೇಕು. ಮನುಷ್ಯನ ಗುಟ್ಟನ್ನು ಬರೆಯಕೂಡದು. ಈ ಎಲ್ಲೆಯನ್ನು ಮೀರಿದ ದಾಖಲೆಯು ಸಾಕ್ಷ್ಯವೆಂಬ ಹೆಸರಿಗೆ ಅರ್ಹವಲ್ಲ, ಅದು ಗೂಢಚರ್ಯೆ.

ಈಗ ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ಗಣಕಗಳ ಭದ್ರತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸೇವಾದಾತರೂ ದತ್ತಾಂಶ ಕೇಂದ್ರಗಳೂ ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ತಮ್ಮ ವ್ಯವಸ್ಥೆಗಳ ಲಾಗುಗಳನ್ನು 180 ದಿನಗಳ ಕಾಲ ಕಾಪಾಡಿಡಬೇಕು. ತಮ್ಮ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲಕ್ಕೆ ಹೊಂದಿಸಿಕೊಳ್ಳಬೇಕು. ಇದು ವಿವೇಕಯುತವಾದ ವಿಧಿ. ಹತ್ತು ಯಂತ್ರಗಳು ಹತ್ತು ಬಗೆಯ ಕಾಲವನ್ನು ಹೇಳುವಾಗ ಯಾವುದು ಕಾರಣ, ಯಾವುದು ಕಾರ್ಯ ಎಂಬುದನ್ನು ಬಗೆಹರಿಸುವುದು ಅಸಾಧ್ಯವಾದುದರಿಂದ, ಗಡಿಯಾರದ ಐಕ್ಯವೇ ದಾಖಲೆಯ ಪ್ರಾಣ.

ಆದರೆ ಈ ವಿಧಿಯ ಲಕ್ಷ್ಯವು ದಾಳಿ, ಕಳವು, ವಂಚನೆಗಳ ಕಡೆಗಿದೆ. ಯಾರೂ ದಾಳಿಮಾಡದೆ, ಯಾರೂ ಕದಿಯದೆ, ಬರಿಯ ಆಂತರಿಕ ದೋಷದಿಂದ ಸೇವೆಯು ನಿಂತಾಗ, ಹಳ್ಳಿಯಿಂದ ಬಸ್ಸುಹಿಡಿದು ಒಂದು ದಿನದ ಕೂಲಿಯನ್ನು ಬಿಟ್ಟು ಬಂದವನಿಗೆ ಆಗುವ ನಷ್ಟವು ಕಳವಿನಿಂದಾಗುವ ನಷ್ಟಕ್ಕಿಂತ ಕಿರಿದೇನಲ್ಲ. ಲಾಗನ್ನು ಕಾಪಾಡಿಡುವ ನಿಯಮವುಂಟು. ಅದನ್ನು ಓದಿ, ಕಾರಣವನ್ನು ನಿರ್ಣಯಿಸಿ, ಸೇವೆಯನ್ನು ಪಡೆಯುವವರಿಗೆ ತಿಳಿಸಬೇಕೆಂಬ ಸಂಪ್ರದಾಯವು ಇನ್ನೂ ಬೆಳೆಯಬೇಕಾಗಿದೆ. ಓದದೆ ಇರಿಸಿದ ದಾಖಲೆಯಿಂದ ಡಿಸ್ಕು ತುಂಬುವುದೇ ಹೊರತು ಸೇವೆಯು ಸುಧಾರಿಸದು.

ಆದಕಾರಣ ನಮ್ಮ ಸರ್ಕಾರದ ಮುಂದೆಯೂ ಸಾರ್ವಜನಿಕ ಸಂಸ್ಥೆಗಳ ಮುಂದೆಯೂ ಮೂರು ಕೋರಿಕೆಗಳನ್ನು ಇಡಬಯಸುತ್ತೇನೆ. ಜನರ ದೈನಂದಿನ ಜೀವನಕ್ಕೆ ಸಂಬಂಧಿಸಿದ ಯಾವುದೇ ಗಣಕವ್ಯವಸ್ಥೆಗೆ ಟೆಂಡರ್ ಕರೆಯುವಾಗ, ಸೇವೆಯಲ್ಲಿರುವ ಯಂತ್ರದಲ್ಲಿಯೇ ಕರ್ನಲ್‌ನ ಲಾಗ್ ಮತ್ತು ಟ್ರೇಸಿಂಗ್ ಸಾಧನಗಳು ಉಪಯೋಗಕ್ಕೆ ಸಿದ್ಧವಾಗಿರಬೇಕೆಂದೂ, ಕುಸಿದ ಯಂತ್ರದ ಅಂತಿಮ ದಾಖಲೆಯು ಬೇರೊಂದು ಸುರಕ್ಷಿತ ಸ್ಥಳವನ್ನು ತಲಪುವಂತಿರಬೇಕೆಂದೂ ಸ್ಪಷ್ಟವಾಗಿ ಬರೆಯಬೇಕು. ಮರುಪ್ರಾರಂಭಿಸುವ ಮುನ್ನ ದಾಖಲೆಯನ್ನು ಉಳಿಸಿಕೊಳ್ಳುವುದು ಸಿಬ್ಬಂದಿಯ ಕರ್ತವ್ಯಗಳಲ್ಲಿ ಮೊದಲನೆಯದಾಗಬೇಕು. ಅಪಘಾತದ ಸ್ಥಳವನ್ನು ಪಂಚನಾಮೆಗೆ ಮುಂಚೆ ತೊಳೆಯುವುದು ಹೇಗೆ ಅಪರಾಧವೋ, ಇದೂ ಹಾಗೆಯೇ ಎಂದು ತಿಳಿಯಬೇಕು. ಸೇವೆಯೊಂದು ದೀರ್ಘಕಾಲ ನಿಂತಾಗ, ಕಾರಣವನ್ನೂ ಪರಿಹಾರವನ್ನೂ ಕುರಿತ ಒಂದು ಪುಟದ ವಿವರಣೆಯನ್ನು ಕನ್ನಡದಲ್ಲಿ, ಸಾಮಾನ್ಯ ಓದುಗನಿಗೆ ತಿಳಿಯುವಂತೆ, ಪ್ರಕಟಿಸಬೇಕು. ಪಾಥ್‌ಫೈಂಡರ್‌ನ ತಂಡವು ತನ್ನ ದೋಷವನ್ನು ಲೋಕದ ಮುಂದೆ ಬಿಚ್ಚಿಟ್ಟುದರಿಂದ ಅದರ ಗೌರವವು ಕುಂದಲಿಲ್ಲ. ಇಂದಿಗೂ ವಿದ್ಯಾರ್ಥಿಗಳು ಅದನ್ನು ಪಾಠವಾಗಿ ಓದುತ್ತಿದ್ದಾರೆ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಿಗೂ ಒಂದು ವಿಜ್ಞಾಪನೆಯುಂಟು. ಆಪರೇಟಿಂಗ್ ಸಿಸ್ಟಂ ಎಂಬ ವಿಷಯವನ್ನು ಚಿತ್ರಗಳಿಂದಲೂ ವ್ಯಾಖ್ಯೆಗಳಿಂದಲೂ ಮಾತ್ರ ಕಲಿತ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ತೇರ್ಗಡೆಯಾದಾನು. ಕೆಟ್ಟ ಯಂತ್ರದ ಮುಂದೆ ನಿಂತಾಗ ಅದನ್ನು ಪ್ರಶ್ನಿಸುವುದನ್ನು ಅರಿಯನು. ಲಿನಕ್ಸ್‌ಗೆ ಬೆಲೆಯಿಲ್ಲ, ಈ ಸಾಧನಗಳೆಲ್ಲ ಅದರೊಳಗೇ ಇವೆ, ಹಳೆಯದೊಂದು ಲ್ಯಾಪ್‌ಟಾಪ್ ಇದ್ದರೆ ಸಾಕು. ಒಂದು ಕಡತವನ್ನು ತೆರೆದಾಗ ಕರ್ನಲ್‌ನೊಳಗೆ ಯಾವ ಯಾವ ಕ್ರಿಯಾಭಾಗಗಳು ಯಾವ ಅನುಕ್ರಮದಲ್ಲಿ ಎದ್ದುಬರುತ್ತವೆಂಬುದನ್ನು ಒಮ್ಮೆ ಎಫ್‌ಟ್ರೇಸ್‌ನಲ್ಲಿ ಕಣ್ಣಾರೆ ಕಂಡ ವಿದ್ಯಾರ್ಥಿಯು ಆ ಶಾಸ್ತ್ರವನ್ನು ಮತ್ತೆ ಮರೆಯಲಾರನು. ಎರಡು ದಶಕಗಳ ಹಿಂದೆ ಕೆಪ್ರೋಬ್ಸ್ ಅನ್ನು ಜಗತ್ತಿಗೆ ಕೊಟ್ಟ ಈ ದೇಶದ ಕಾಲೇಜುಗಳಲ್ಲಿ ಈ ವಿದ್ಯೆಯು ಪಾಠಪಟ್ಟಿಯ ಅಂಚಿನಲ್ಲಿ ಉಳಿಯುವುದು ಉಚಿತವಲ್ಲ.

ಯಂತ್ರಗಳಿಗೆ ನಾವು ವಹಿಸಿಕೊಟ್ಟಿರುವ ಅಧಿಕಾರವು ದಿನದಿನಕ್ಕೆ ಹೆಚ್ಚುತ್ತಿದೆ. ಮನುಷ್ಯನಾದ ಅಧಿಕಾರಿಯಿಂದ ನಾವು ಲಿಖಿತವಾದ ಕಾರಣವನ್ನು ಕೇಳುತ್ತೇವೆ. ಕಾರಣವನ್ನು ಹೇಳದ ಆಜ್ಞೆಯನ್ನು ನ್ಯಾಯಾಲಯವು ಎತ್ತಿಹಿಡಿಯಲು ಹಿಂಜರಿಯುತ್ತದೆ. ಅದೇ ಹೊಣೆಗಾರಿಕೆಯನ್ನು ಯಂತ್ರದಿಂದಲೂ, ಅದನ್ನು ನಿರ್ಮಿಸಿದವರಿಂದಲೂ, ನಡೆಸುವವರಿಂದಲೂ ಕೇಳುವ ಹಕ್ಕು ಪ್ರಜೆಗಿದೆ. ಆದುದರಿಂದ ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಮುಂದಿನ ಸಾರಿ ‘ಸರ್ವರ್ ಡೌನ್’ ಎಂಬ ಮಾತು ಕಿವಿಗೆ ಬಿದ್ದಾಗ, ಕೋಪವನ್ನು ತೋರದೆ, ವಿನಯದಿಂದ, ಆದರೆ ಬಿಡದೆ, ಲಿಖಿತವಾಗಿ ಕಾರಣವನ್ನು ಕೇಳಿರಿ. ಕೇಳುವವರು ಸಾಕಷ್ಟು ಮಂದಿಯಾದರೆ ಹೇಳುವ ವ್ಯವಸ್ಥೆಯನ್ನು ಸಂಸ್ಥೆಗಳು ಕಟ್ಟಲೇಬೇಕಾಗುತ್ತದೆ. ಅದಕ್ಕೆ ಬೇಕಾದ ಸಾಧನಗಳೆಲ್ಲವೂ ಇಂದು ಸಿದ್ಧವಾಗಿಯೇ ಇವೆ.